ಹನ್ನೊಂದು ಕಾರಣಗಳ ಕೃಷ್ಣವೇಣಿ

ಪಿನ್ನರ್‌ನ ಕೃಷ್ಣವೇಣಿ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಇಳಿದಳು. ಅಷ್ಟು ಹೊತ್ತಿಗೆ ಆ ಯುದ್ಧ ಮುಗಿದು ಇಪ್ಪತ್ತಮೂರು ವರ್ಷವಾಗಿತ್ತು. ಅಮೆರಿಕದವರು ಸೋತು ಮನೆಗೆ ಹೋಗಿದ್ದರು, ವಿಯೆಟ್ನಾಮಿನವರು ಗೆದ್ದು ಭತ್ತ ಬೆಳೆಯುತ್ತಿದ್ದರು. ಇನ್ನೂ ಹೋರಾಡುತ್ತಿದ್ದವಳು ಇವಳೊಬ್ಬಳೇ. ಅದೂ ಲಂಡನ್ನಿನ ಅಂಚಿನಲ್ಲಿ, ಪಿನ್ನರ್ ಪಕ್ಕದ ಹ್ಯಾರೋದ ಒಂದು ಸಂಜೆ ಕಾಲೇಜಿನಲ್ಲಿ, ಹನ್ನೆರಡು ವರ್ಷದ ಮಕ್ಕಳ ಅಳತೆಗೆ ಮಾಡಿದ ಕುರ್ಚಿಯ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು, ಪ್ರತಿ ಮಂಗಳವಾರ ಆರೂವರೆಯಿಂದ ಎಂಟೂವರೆಯವರೆಗೆ.

ಇಳಿಯದೆ ಬೇರೆ ದಾರಿ ಇರಲಿಲ್ಲ. ಹದಿನಾರು ವರ್ಷದಿಂದ ಅವಳು ಕ್ವೀನ್ಸ್‌ಬರಿಯ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ಫೋನಿನಲ್ಲಿ ಕೆಮ್ಮು ಕೇಳಿದರೆ ಸಾಕು, ಇದು ಇಂಥ ಬೀದಿಯ ಇಂಥ ಪಟೇಲರದು ಎಂದು ಹೆಸರು ಹೇಳುವ ಮುಂಚೆಯೇ ಕಾರ್ಡು ತೆಗೆಯುವಷ್ಟು ಪರಿಣತಿ ಬಂದಿತ್ತು. ಆದರೆ ಅವಳು ಹುಟ್ಟಿದ್ದು ಕೆಮ್ಮಿಗಾಗಿ ಅಲ್ಲ, ಇತಿಹಾಸದ ಪಾಠ ಹೇಳುವುದಕ್ಕೆ. ಹಾಗೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು, ಮತ್ತು ಅವಳ ಗಂಡನಿಗೂ ಅದನ್ನು ಎರಡು ದಶಕದಿಂದ ಖಚಿತಪಡಿಸುತ್ತ ಬಂದಿದ್ದಳು. ಕೊನೆಗೆ ಧೈರ್ಯ ಮಾಡಿ ಲಂಡನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ಶಿಕ್ಷಕರ ತರಬೇತಿಗೆಂದು ಅರ್ಜಿ ಹಾಕಿದಾಗ ಬಂದ ಉತ್ತರ ಸಣ್ಣದಿತ್ತು. ನಿಮ್ಮ ಪದವಿ ಬಹಳ ಹಳೆಯದು, ಈಗಲೂ ಓದಬಲ್ಲಿರೆಂದು ತೋರಿಸಿ. ಒಂದು ವರ್ಷದಲ್ಲಿ ಹದಿನೆಂಟರ ಮಕ್ಕಳು ಬರೆಯುವ ಇತಿಹಾಸದ ಎ-ಲೆವೆಲ್ ಪರೀಕ್ಷೆಯಲ್ಲಿ ಬಿ ದರ್ಜೆ ತೆಗೆದರೆ 1999ರ ಅಕ್ಟೋಬರಿಗೆ ಸೀಟು. ಈ ಅವಕಾಶ ಒಮ್ಮೆ ಮಾತ್ರ.

ಬಿ ಬಂದರೆ ಟೀಚರ್. ಬರದಿದ್ದರೆ ಮತ್ತೆ ಕೆಮ್ಮು.

ಕೃಷ್ಣವೇಣಿ ನಕ್ಕಳು. ಅವಳಿಗೆ ಬಿ? 1973ರಲ್ಲಿ ಮೈಸೂರಿನಲ್ಲಿ ಬಿ.ಎ. ಇತಿಹಾಸಕ್ಕೆ ಮೂರನೆಯ ರ‍್ಯಾಂಕ್ ತೆಗೆದವಳು ಅವಳು. ಆ ರ‍್ಯಾಂಕಿನ ಹಿಂದೆ ಒಂದು ವಿದ್ಯೆಯಿತ್ತು, ಆ ಕಾಲದ ನಮ್ಮವರಿಗೆಲ್ಲ ಅದು ಗೊತ್ತು. ಕಾರಣ ಕೇಳಿದರೆ ಕಾರಣಗಳನ್ನು ಕೊಡಬೇಕು. ಒಂದಲ್ಲ, ಎರಡಲ್ಲ, ಇದ್ದಷ್ಟೂ. ದೂರದ ಕಾರಣಗಳು, ಹತ್ತಿರದ ಕಾರಣಗಳು, ತತ್‌ಕ್ಷಣದ ಕಾರಣ. ಒಂದೊಂದಕ್ಕೂ ಶಿರೋನಾಮೆ, ಶಿರೋನಾಮೆಯ ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ. ಮೌಲ್ಯಮಾಪಕರು ದಣಿದಿರುತ್ತಾರೆ, ಗೆರೆ ನೋಡಿ ಅಂಕ ಹಾಕುತ್ತಾರೆ. ಅಡಿಷನಲ್ ಶೀಟು ಎಷ್ಟು ಹೆಚ್ಚೋ ಅಷ್ಟು ಮರ್ಯಾದೆ. ಕೊನೆಗೆ ಎಲ್ಲವನ್ನೂ ಸೇರಿಸಿ ಬಿಳಿ ದಾರದಿಂದ ಗಂಟು. ಫ್ರೆಂಚ್ ಕ್ರಾಂತಿಗೆ ಹದಿಮೂರು ಕಾರಣ, ನಾಲ್ಕನೆಯ ಮೈಸೂರು ಯುದ್ಧಕ್ಕೆ ಒಂಬತ್ತು. ದೋಸೆ ಹಿಟ್ಟು ರುಬ್ಬುತ್ತ ಅವನ್ನು ಈಗಲೂ ಒಂದೇ ಉಸಿರಿಗೆ ಹೇಳಬಲ್ಲಳು.

ಹೀಗಾಗಿ ನವೆಂಬರಿನಲ್ಲಿ ಮೇಷ್ಟ್ರು ಮಿಸ್ಟರ್ ಪೆಲ್ಹಾಮ್ 'ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಏಕೆ ಇಳಿಯಿತು?' ಎಂದು ಬೋರ್ಡಿನ ಮೇಲೆ ಬರೆದಾಗ ಅವಳಿಗೆ ಶತ್ರು ತಾನಾಗಿಯೇ ಕೋಟೆಯ ಬಾಗಿಲಿಗೆ ಬಂದಂತಾಯಿತು. ಎರಡು ವಾರ ಪಿನ್ನರ್ ಲೈಬ್ರರಿಯನ್ನು ಸೂರೆ ಮಾಡಿದಳು. ಹನ್ನೊಂದು ಕಾರಣ ಸಿಕ್ಕವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಷ್ಯಾದ ಬಗ್ಗೆ ಹುಟ್ಟಿದ ಭಯ. 1949ರಲ್ಲಿ ಚೀನಾ ಕೆಂಪಾದದ್ದು, ಮರುವರ್ಷ ಕೊರಿಯಾದ ಯುದ್ಧ. ಒಂದು ದೇಶ ಬಿದ್ದರೆ ಪಕ್ಕದ್ದೂ ಬೀಳುತ್ತದೆ, ಸಾಲಿನಲ್ಲಿ ನಿಲ್ಲಿಸಿದ ಡೊಮಿನೊ ಬಿಲ್ಲೆಗಳ ಹಾಗೆ ಎಂಬ ನಂಬಿಕೆ. ಅಲ್ಲಿ ಆಳುತ್ತಿದ್ದ ಫ್ರಾನ್ಸ್ 1954ರಲ್ಲಿ ಸೋತು ಗಂಟುಮೂಟೆ ಕಟ್ಟಿದ್ದು. ಎರಡು ಭಾಗವಾದ ದೇಶಕ್ಕೆ ಮಾತು ಕೊಟ್ಟಿದ್ದ ಚುನಾವಣೆ ನಡೆಯದೇ ಹೋದದ್ದು. ದಕ್ಷಿಣದಲ್ಲಿ ತಾವು ಎತ್ತಿ ಕೂರಿಸಿದ ಸರ್ಕಾರ ತನ್ನ ಕಾಲ ಮೇಲೆ ನಿಲ್ಲಲಾರದೆ ಹೋದದ್ದು. ಬರೀ ಸಲಹೆಗಾರರೆಂದು ಕಳಿಸಿದವರು ಹದಿನಾರು ಸಾವಿರವಾದದ್ದು. ಕಮ್ಯುನಿಸ್ಟರ ಮುಂದೆ ಮೆತ್ತಗಾದ ಎಂದು ಸ್ವದೇಶದ ವಿರೋಧಿಗಳು ಹಂಗಿಸುತ್ತಾರೆಂಬ ಅಧ್ಯಕ್ಷರ ಅಂಜಿಕೆ. 1964ರಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗಿನ ಮೇಲೆ ದಾಳಿಯಾಯಿತೆಂಬ ಗಲಾಟೆ. ಕೊನೆಯದಾಗಿ, ಹನ್ನೊಂದನೆಯದು, ಲೋಕದ ಮುಂದೆ ಕೊಟ್ಟ ಮಾತು.

ಹದಿನಾಲ್ಕು ಪುಟ. ಎರಡು ಬಣ್ಣದ ಗೆರೆ. ಎಡಗಡೆ ಮೂಲೆಯಲ್ಲಿ ತೂತು ಮಾಡಿ, ದಾರ ಪೋಣಿಸಿ, ಬಿಗಿಯಾಗಿ ಗಂಟು ಹಾಕಿ ಒಪ್ಪಿಸಿದಳು. ಮೂವತ್ತು ವರ್ಷದ ವೃತ್ತಿಯಲ್ಲಿ ಹೊಲಿದ ಪ್ರಬಂಧವನ್ನು ಮಿಸ್ಟರ್ ಪೆಲ್ಹಾಮ್ ಕಂಡಿರಲಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತರಿ ಎಲ್ಲಿದೆ ಎಂದು ಸುತ್ತ ನೋಡಿದರು.

ಮುಂದಿನ ವಾರ ಡಿ ಬಂತು.

ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: 'ಬಹಳ ಶ್ರಮಪಟ್ಟಿದ್ದೀರಿ. ಆದರೆ ನಿಮ್ಮ ಅಭಿಪ್ರಾಯವೇನು?'

ಕೃಷ್ಣವೇಣಿ ಮನೆಗೆ ಬಂದು ಕೋಟು ಬಿಚ್ಚದೆ ಸೋಫಾದಲ್ಲಿ ಕೂತಳು. ಅವಳ ಗಂಡ ಡಾಕ್ಟರ್ ಆನಂದತೀರ್ಥರು ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು. ಜನರನ್ನು ಮಲಗಿಸುವುದು ಅವರ ವೃತ್ತಿ, ಕನ್ನಡ ಸಂಘದ ಸಭೆಯಲ್ಲಿ ಮಾತಾಡಲು ನಿಂತಾಗಲೂ ಅದೇ ಫಲಿತಾಂಶ.

"ಏನಾತು? ಮಾರಿ ಯಾಕ ಹಿಂಗ ಮಾಡೀ?" ಎಂದರು.

"ನನ್ನ ಅಭಿಪ್ರಾಯ ಕೇಳಿದಾರೆ ರೀ."

"ಯಾರು?"

"ಮೇಷ್ಟ್ರು. ಪರೀಕ್ಷೆಯಲ್ಲಿ ಯಾರಾದ್ರೂ ಅಭಿಪ್ರಾಯ ಬರೀತಾರಾ? ಅದೇನು ಪರೀಕ್ಷೇನಾ, ಹರಟೆ ಕಟ್ಟೇನಾ?"

"ನಮ್ಮ ಮನ್ಯಾಗ ಕೇಳದೇನ ಕೊಡ್ತೀಯಲ್ಲ, ಅಲ್ಲೂ ಕೊಟ್ಟ ಬಿಡು."

ಮಗಳು ತನ್ಮಯಿ, ಹದಿನೇಳರವಳು, ಪ್ರಬಂಧವನ್ನು ಮೂಲೆಯಿಂದ ಹಿಡಿದೆತ್ತಿ ತಿರುವಿ ನೋಡಿದಳು. "ಅಮ್ಮಾ, ದಿಸ್ ಈಸ್ ಎ ಶಾಪಿಂಗ್ ಲಿಸ್ಟ್," ಎಂದು ಟೋಸ್ಟು ಕಚ್ಚುತ್ತ ಮಹಡಿ ಹತ್ತಿದಳು.

ತಪ್ಪು ಎಲ್ಲಾಯಿತೆಂದು ಕೃಷ್ಣವೇಣಿ ಯೋಚಿಸಿದಳು. ಉತ್ತರ ಸ್ಪಷ್ಟವಿತ್ತು. ಕಾರಣ ಸಾಲಲಿಲ್ಲ. ಯುದ್ಧ ಸೋಲುತ್ತಿರುವ ಸೇನಾಪತಿಗಳಿಗೆಲ್ಲ ಹೊಳೆಯುವ ಉಪಾಯವೇ ಅವಳಿಗೂ ಹೊಳೆಯಿತು: ಇನ್ನಷ್ಟು ಪಡೆ ಕಳಿಸು. ಜನವರಿಯಲ್ಲಿ ಹದಿನಾರು ಕಾರಣಗಳ ದಂಡು ಹೊರಟಿತು. ರಬ್ಬರು, ತವರ, ಜಪಾನಿನ ವ್ಯಾಪಾರ, ಭೂಪಟ ಸಮೇತ. ಇಪ್ಪತ್ತೆರಡು ಪುಟ. ಮತ್ತೆ ಡಿ. ಈ ಸಲ ಕೆಂಪು ಶಾಯಿ ಇನ್ನೂ ಸಣ್ಣದಾಗಿತ್ತು: 'ಯಾವುದು ಮುಖ್ಯ?'

ಎಲ್ಲವೂ ಮುಖ್ಯ! ಮುಖ್ಯವಲ್ಲದಿದ್ದರೆ ಎರಡು ಗೆರೆ ಯಾಕೆ ಎಳೆಯುತ್ತಿದ್ದಳು?

ಅವಮಾನದ ಮೇಲೆ ಉಪ್ಪು ಸುರಿದವನು ಸಹಪಾಠಿ ಬೆನೆಡಿಕ್ಟ್. ಉಡುಪಿ ಹತ್ತಿರದ ಕಲ್ಯಾಣಪುರದವನು, ಮನೆಮಾತು ಕೊಂಕಣಿ, ವಾಸ ಸೌತ್‌ಹಾಲ್. ವಿಮಾನಗಳಿಗೆ ಊಟದ ತಟ್ಟೆ ತುಂಬುವ ಅಡುಗೆಮನೆಯಲ್ಲಿ ಕೆಲಸ. ಮಂಗಳವಾರ ಒಂದು ದಿನವಾದರೂ ಮನೆಯಿಂದ ಆಚೆಗಿರು ಎಂದು ಹೆಂಡತಿ ಕ್ರಿಸ್ಟೀನ್ ಹೇಳಿದ್ದರಿಂದ ಇತಿಹಾಸಕ್ಕೆ ಸೇರಿದ್ದ. ಅವನ ಪ್ರಬಂಧ ಎರಡೇ ಪುಟ, ಸಾಂಬಾರಿನ ಕಲೆ ಸಮೇತ. ಅದಕ್ಕೆ ಬಿ.

"ಏನು ಬರೆದ್ರಿ?" ಎಂದು ಕೃಷ್ಣವೇಣಿ ಹಲ್ಲು ಕಚ್ಚಿ ಕೇಳಿದಳು.

"ಎಂತದೂ ಇಲ್ಲ ಅಕ್ಕ. ಹೆದರಿಕೆ ಅಂತ ಬರ್ದೆ. ಒಂದು ಬಿದ್ರೆ ಎಲ್ಲ ಬೀಳ್ತದೆ ಅಂತ ಅವ್ರಿಗೆ ಹೆದರಿಕೆ. ಅದೇ ಒಂದನ್ನು ಹಿಡ್ಕೊಂಡು ಕಡೇವರೆಗೆ ಜಗಳ ಆಡಿದೆ. ನಮ್ಮ ಚರ್ಚ್ ಕಮಿಟಿಯಲ್ಲಿ ಹಾಗೆಯೇ ಅಲ್ವಾ ಮಾಡುದು."

"ಫ್ರಾನ್ಸ್ ಸೋತದ್ದು?"

"ಫ್ರಾನ್ಸ್ ಅಲ್ಲಿ ಇತ್ತಾ ಮಾರಾಯ್ರೆ?"

ಫ್ರಾನ್ಸ್ ಅಲ್ಲಿತ್ತೆಂಬುದೇ ಗೊತ್ತಿಲ್ಲದವನಿಗೆ ಬಿ. ಫ್ರಾನ್ಸಿಗೆ ಒಂದೂವರೆ ಪುಟ ಕೊಟ್ಟವಳಿಗೆ ಡಿ.

ಅವಳು ಹಟ ಮಾಡಿ ಮಿಸ್ಟರ್ ಪೆಲ್ಹಾಮರನ್ನು ಕ್ಲಾಸು ಮುಗಿದ ಮೇಲೆ ತಡೆದು ನಿಲ್ಲಿಸಿದಳು. ಅವರು ಸಂಭಾವಿತರು. ತಾಳ್ಮೆಯಿಂದ ಹೇಳಿದರು: "ಒಂದು ಕಾರಣವನ್ನು ತೆಗೆದುಬಿಡಿ. ಆಗಲೂ ಯುದ್ಧ ಆಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಅದು ಮುಖ್ಯವಲ್ಲ. ಮುಂದಿನದನ್ನು ತೆಗೆಯಿರಿ. ಯಾವುದನ್ನು ತೆಗೆದರೆ ಮನೆ ಕುಸಿಯುತ್ತದೋ ಅದು ನಿಮ್ಮ ಉತ್ತರ."

ಜನವರಿಯ ಹೊಸ ಐದನ್ನು ಬಿಡಬಹುದಿತ್ತು. ಮೊದಲಿನವು ಹಾಗಲ್ಲ, ಹನ್ನೊಂದು ಮಕ್ಕಳನ್ನು ಹೆತ್ತವಳಿಗೆ, ಯಾರನ್ನು ಹೊರಗೆ ಹಾಕುತ್ತೀರಿ ಎಂದು ಕೇಳಿದ ಹಾಗಾಯಿತು. ಆದರೂ ಸರ್ಜರಿಯಲ್ಲಿ ಕೂತು ಪ್ರಯತ್ನಪಟ್ಟಳು. ಕೊರಿಯಾ ತೆಗೆದಳು, ಮನೆ ಬೀಳಲಿಲ್ಲ. ಟಾಂಕಿನ್ ಕೊಲ್ಲಿ ತೆಗೆದಳು, ಅದೊಂದು ನೆಪ, ಇನ್ನೊಂದು ಸಿಗುತ್ತಿತ್ತು. ಕಮ್ಯುನಿಸಂನ ಭಯ ತೆಗೆದಾಗ ಕಂಬ ಅಲ್ಲಾಡಿತು. ಆದರೆ ಭಯ ಕ್ಯೂಬಾದ ಬಗ್ಗೆಯೂ ಇತ್ತು, ಅದಂತೂ ಮನೆಯ ಹಿತ್ತಲು, ಅಲ್ಲಿಗೆ ಐದು ಲಕ್ಷ ಸೈನಿಕರನ್ನು ಯಾರೂ ಕಳಿಸಲಿಲ್ಲವಲ್ಲ. ಅಷ್ಟರಲ್ಲಿ ಫೋನಿನಲ್ಲಿ ಯಾರೋ ಕೆಮ್ಮಿದರು. ಲೆಕ್ಕ ತಪ್ಪಿತು. ಫೆಬ್ರುವರಿ ಇಡೀ ಹೀಗೇ ಹೋಯಿತು. ಹಾಕಿದ್ದನ್ನು ತೆಗೆದಳು, ತೆಗೆದದ್ದಕ್ಕೆ ಅಯ್ಯೋ ಎನಿಸಿ ಮತ್ತೆ ಹಾಕಿದಳು. ಮೂರನೆಯ ಪ್ರಬಂಧಕ್ಕೆ ಸಿ ಬಂತು. ಮಿಸ್ಟರ್ ಪೆಲ್ಹಾಮ್ ಬರೆದರು: 'ಬಾಗಿಲವರೆಗೆ ಬಂದಿದ್ದೀರಿ, ಒಳಗೆ ಬನ್ನಿ.' ಯಾವ ಬಾಗಿಲು ಎಂದು ಆ ಮಹಾಶಯರು ಹೇಳಲಿಲ್ಲ.

ಈ ನಡುವೆ ಯುಗಾದಿ ಬಂತು.

ಕನ್ನಡ ಸಂಘದ ಯುಗಾದಿ ಊಟ ಆ ವರ್ಷ ಕ್ವೀನ್ಸ್‌ಬರಿಯ ಸಭಾಂಗಣದಲ್ಲಿ. ಅಡುಗೆಯ ಹೊಣೆ ಅಲ್ಲಿನ ಸದಸ್ಯರದೇ. ಪಿನ್ನರ್‌ನವರಿಗೆ ಯಾವ ಸಂಬಂಧವೂ ಇರಲಿಲ್ಲ. ಆದರೆ ತಯಾರಿ ಸಭೆಯಲ್ಲಿ ಅಧ್ಯಕ್ಷ ಲಕ್ಷ್ಮೀಶ, "ಸಿಹಿಗೆ ಒಬ್ಬಟ್ಟು ಮಾಡೋಣ ಅಂತಿದೀವಿ, ಕಷ್ಟ ಆಗುತ್ತೇನೋ," ಎಂದಾಗ ಆನಂದತೀರ್ಥರು ಎದ್ದು ನಿಂತು, "ಕಷ್ಟ ಏನ್ರೀ ಅದರಾಗ? ಧಾರವಾಡದ ಹೋಳಿಗಿ ಹೆಂಗಿರ್ತದ ಅಂತ ನಾ ಹೇಳಿಕೊಡ್ತೇನಿ. ಸಲಹಾ ಅಷ್ಟ," ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅನಾಹುತಕ್ಕೆ ಅಷ್ಟು ಸಾಕು.

ಮೊದಲ ವಾರ ಕ್ವೀನ್ಸ್‌ಬರಿಗೆ ಹೋಗಿ ಬೇಳೆ ಎಷ್ಟು ಬೇಯಬೇಕೆಂದು ಸಲಹೆ ಕೊಟ್ಟು ಬಂದರು. ಎರಡನೆಯ ವಾರ ಅಲ್ಲಿನ ಗ್ರೈಂಡರು ಕೆಟ್ಟಿತು, ಇವರ ಮನೆಯದು ಅಲ್ಲಿಗೆ ಹೋಯಿತು. ಮೂರನೆಯ ವಾರ ಮಾದರಿಗೆ ಮಾಡಿದ ಹೂರಣ ನೀರಾಗಿ, ಅದನ್ನು ಸರಿಪಡಿಸಲು ಇವರೇ ಸೌಟು ಹಿಡಿದರು. ಇವರು ಸೌಟು ಹಿಡಿದದ್ದೇ ತಡ, ಅಲ್ಲಿನ ಪಡೆಗೆ ನಿರಾಳವಾಯಿತು. ಒಬ್ಬರಿಗೆ ಬೆನ್ನುನೋವು ಬಂತು, ಒಬ್ಬರಿಗೆ ಲೆಸ್ಟರಿನಿಂದ ನೆಂಟರು ಬಂದರು. ಊಟದ ಹಿಂದಿನ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಇನ್ನೂರೈವತ್ತು ಹೋಳಿಗೆಯ ಕಣಕ, ಹೂರಣ ಎರಡೂ ಪಿನ್ನರ್‌ನ ಅಡುಗೆಮನೆಯಲ್ಲಿದ್ದವು. ಲಟ್ಟಣಿಗೆ ಕೃಷ್ಣವೇಣಿಯ ಕೈಯಲ್ಲಿತ್ತು. ಪರೀಕ್ಷೆಗೆ ಹನ್ನೊಂದು ವಾರ ಉಳಿದಿತ್ತು.

ಅರವತ್ತನೆಯದಕ್ಕೆ ಅವಳ ಭುಜ ಬಿದ್ದುಹೋಯಿತು. "ಬಿಟ್ಟುಬಿಡೋಣ ರೀ. ಸೌತ್‌ಹಾಲಿಗೆ ಹೋಗಿ ಲಾಡು ತಂದುಬಿಡಿ. ಯಾರೂ ಏನೂ ಅನ್ನಲ್ಲ."

"ಏನ ಮಾತಾಡ್ತೀ ನೀ? ಅಷ್ಟ ಮಂದಿ ಮುಂದ ಹೇಳೇನಿ."

"ಸಲಹೆ ಕೊಡ್ತೀನಿ ಅಂದ್ರಿ. ಮಾಡಿಕೊಡ್ತೀನಿ ಅಂದ್ರಾ?"

"ಅಂದಿದ್ದಿಲ್ಲ. ಆದ್ರ ಗ್ರೈಂಡರ್ ಕೊಟ್ಟೇನಿ, ಮೂರು ವಾರ ಓಡಾಡೇನಿ. ಈಗ ಕೈ ಬಿಟ್ರ ಅಷ್ಟೂ ದಂಡ ಆಗ್ತದ. ಮತ್ತ ನಾಳೆ ನನ್ನ ಮಾತಿಗೆ ಏನ ಕಿಮ್ಮತ್ತು ಉಳೀತದ? ದೀಪಾವಳಿಗೆ ನಾ ಏನರ ಹೇಳಿದ್ರ ಆ ಲಕ್ಷ್ಮೀಶ ನಗತಾನ."

"ನಿಮಗೆ ಒಬ್ಬಟ್ಟು ಅಂದ್ರೆ ಅಷ್ಟು ಇಷ್ಟಾನಾ?"

ಆನಂದತೀರ್ಥರು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. "ಇಷ್ಟ ಎಲ್ಲೀದು? ಶುಗರ್ ಅದ ನನಗ. ನಾ ತಿನ್ನೂದೂ ಇಲ್ಲ. ಕ್ವೀನ್ಸ್‌ಬರಿ ಮಂದಿ ಹೋಳಿಗಿ ತಿಂದ್ರ ನನಗೇನು, ಬಿಟ್ರ ನನಗೇನು? ಆದ್ರ ಈಗ ಬಿಡ್ಲಿಕ್ಕೆ ಆಗೂದಿಲ್ಲ. ತಿಳೀಲಿಲ್ಲೇನು?"

ತಿಳಿಯಿತು. ಲಟ್ಟಣಿಗೆ ಗಾಳಿಯಲ್ಲಿ ನಿಂತಿತು. ಇವರಿಗೆ ಹೋಳಿಗೆ ಬೇಡ, ಕ್ವೀನ್ಸ್‌ಬರಿಯೂ ಬೇಡ. ಎಷ್ಟು ಹೋಳಿಗೆ ಮಾಡಿದರೂ ಇವರು ಗೆಲ್ಲುವಂಥದ್ದು ಏನೂ ಇಲ್ಲ, ಅದು ಇವರಿಗೂ ಗೊತ್ತು. ಮೊದಲ ದಿನ ಎದ್ದು ನಿಂತದ್ದಕ್ಕೆ ಬೇರೇನೋ ಕಾರಣವಿದ್ದೀತು. ಆದರೆ ಇವತ್ತು ಈ ಒಲೆಯ ಮುಂದೆ ನಿಂತಿರುವುದಕ್ಕೆ ಕಾರಣ ಒಂದೇ: ನಿನ್ನೆಯವರೆಗೆ ನಿಂತಿದ್ದರು ಎಂಬುದು. ಡೊಮಿನೊ ಅಲ್ಲ, ಫ್ರಾನ್ಸ್ ಅಲ್ಲ. ಹನ್ನೊಂದನೆಯದು, ಕೊಟ್ಟ ಮಾತು! ತಾನು ಅರ್ಧ ಪುಟ ಕೊಟ್ಟು ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದ ಬಡಪಾಯಿ!

"ವೇಣೀ, ಹಂಚಿನ ಮ್ಯಾಲಿಂದು ಹೊತ್ತಲಿಕ್ಕತ್ತದ!" ಎಂದು ಗಂಡ ಕೂಗುತ್ತಿದ್ದಂತೆ ಅವಳು ಹಿಟ್ಟಿನ ಕೈಯಲ್ಲೇ ಪೆನ್ನು ಹುಡುಕುತ್ತಿದ್ದಳು.

ನಾಲ್ಕನೆಯ ಪ್ರಬಂಧ ನಾಲ್ಕು ಪುಟ. ಶಿರೋನಾಮೆ ಇಲ್ಲ, ಗೆರೆ ಇಲ್ಲ, ದಾರವಿಲ್ಲ. ಅದನ್ನು ಕೊಡುವಾಗ ಅವಳಿಗೆ ಸೀರೆ ಉಡದೆ ಮದುವೆಮನೆಗೆ ಹೋದಷ್ಟು ಸಂಕೋಚವಾಯಿತು. ಮಿಸ್ಟರ್ ಪೆಲ್ಹಾಮ್ ಎ ಕೊಟ್ಟರು. ಬೆನೆಡಿಕ್ಟ್ ಓದಿ, "ಇದು ಜಗಳ ಅಂದ್ರೆ ಜಗಳ ಅಕ್ಕ!" ಎಂದ.

ಜೂನ್ ತಿಂಗಳ ಪರೀಕ್ಷೆ ಒಂದು ಶಾಲೆಯ ಜಿಮ್ಮಿನಲ್ಲಿ. ಎರಡು ಪ್ರಶ್ನೆ, ಎರಡಕ್ಕೂ ಸಮಾನ ಅಂಕ, ತಲಾ ಮುಕ್ಕಾಲು ಗಂಟೆ. ಮೊದಲನೆಯದು ವಿಯೆಟ್ನಾಂ: 'ಕಮ್ಯುನಿಸಂನ ಭಯವೇ ಅಮೆರಿಕವನ್ನು ಯುದ್ಧಕ್ಕೆ ಎಳೆಯಿತು. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?' ಕೃಷ್ಣವೇಣಿ ಬರೆದಳು. ಭಯ ಅಮೆರಿಕವನ್ನು ಹೊಸ್ತಿಲವರೆಗೆ ತಂದಿತು. ಒಳಗೆ ಕರೆದೊಯ್ದದ್ದು ಒಂದರ ಮೇಲೊಂದು ಕೊಟ್ಟ ಸಣ್ಣ ಸಣ್ಣ ಮಾತುಗಳು. ಪ್ರತಿ ಅಧ್ಯಕ್ಷನಿಗೂ ಹಿಂದಿನವನ ಮಾತು ಉಳಿಸಬೇಕಿತ್ತು, ಸೋತವನು ತಾನೆನಿಸಿಕೊಳ್ಳಬಾರದಿತ್ತು. ಅಷ್ಟು ದೊಡ್ಡ ದೇಶಕ್ಕೆ ಸೋಲುವುದಕ್ಕಿಂತ ನಗೆಪಾಟಲಾಗುವುದು ಹೆಚ್ಚು ಭಯದ್ದಾಗಿತ್ತು. ನಲವತ್ತು ನಿಮಿಷಕ್ಕೆ ಮುಗಿಯಿತು. ಚೆನ್ನಾಗಿತ್ತು. ಅವಳಿಗೇ ಗೊತ್ತಿತ್ತು.

ಇನ್ನು ಎರಡನೆಯದಕ್ಕೆ, ಬರ್ಲಿನ್ ಪ್ರಶ್ನೆಗೆ, ಹೋಗಬೇಕು. ಆಗಲೇ ಮೇಲ್ವಿಚಾರಕಿ ಸಾಲಿನ ನಡುವೆ ಬಂದಳು. ಅವಳ ಕೈಯಲ್ಲಿ ಹೆಚ್ಚಿನ ಹಾಳೆಗಳಿದ್ದವು, ಜೊತೆಗೆ ಅವನ್ನು ಕಟ್ಟಲು ಹಸಿರು ದಾರದ ತುಂಡುಗಳು. ಇಂಗ್ಲೆಂಡಿನಲ್ಲೂ ದಾರ! ಕರೆದೂ ಎಲೆ ಹಾಕದ್ದರಿಂದ ಹಸಿದು ಕೂತ ನೆಂಟರಂತೆ ಉಳಿದ ಹತ್ತು ಕಾರಣಗಳು ಕೃಷ್ಣವೇಣಿಯನ್ನೇ ನೋಡುತ್ತಿದ್ದವು. ಎರಡೇ ನಿಮಿಷ, ಬರೀ ಹೆಸರು ಬರೆದರಾಯಿತು ಎಂದುಕೊಂಡು ಕೈಯೆತ್ತಿದಳು. ಹೆಸರು ಬರೆದ ಮೇಲೆ ಇಸವಿ ಬೇಡವೇ? ಇಸವಿ ಬರೆದ ಮೇಲೆ ವಿವರಣೆ? ಚೀನಾ ಬರೆದವಳು ಕೊರಿಯಾ ಬಿಡುವುದು ಹೇಗೆ? ಅರ್ಧಕ್ಕೆ ನಿಲ್ಲಿಸಿದರೆ ಇಷ್ಟು ಬರೆದದ್ದೂ ವ್ಯರ್ಥವಲ್ಲವೇ? ತಲೆಯೆತ್ತಿ ಗಡಿಯಾರ ನೋಡಿದಾಗ ಬರ್ಲಿನ್ನಿಗೆ ಹದಿನೈದು ನಿಮಿಷ ಉಳಿದಿತ್ತು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಸಿ. ಬೆನೆಡಿಕ್ಟನಿಗೆ ಬಿ. ಅವನು ಫೋನು ಮಾಡಿ ಹೇಳುವುದೋ ಬೇಡವೋ ಎಂದು ಒದ್ದಾಡಿ, "ನನಗೆ ಎಂತಕ್ಕೆ ಅಕ್ಕ ಬಿ? ಪ್ಲೇನಿಗೆ ತಟ್ಟೆ ತುಂಬಿಸ್ಲಿಕ್ಕಾ? ಆಗುದಾದ್ರೆ ನಿಮಗೇ ಕೊಡ್ತಿದ್ದೆ," ಎಂದ. ಅವಳು ಅಳಲಿಲ್ಲ. ಅಡುಗೆಮನೆಯ ಕಿಟಕಿಯ ಹೊರಗೆ ನೋಡುತ್ತ, ಇಂಗ್ಲೆಂಡಿನ ಇಡೀ ಶಿಕ್ಷಣ ವ್ಯವಸ್ಥೆಗೆ ಮೈಸೂರಿನ ಅತ್ಯಂತ ಮೃದುವಾದ ಬೈಗುಳಗಳನ್ನು ಒಂದೊಂದಾಗಿ ಅರ್ಪಿಸಿದಳು.

"ಯೂನಿವರ್ಸಿಟಿಗೆ ಫೋನ್ ಹಚ್ಚು," ಎಂದರು ಆನಂದತೀರ್ಥರು. "ಇವತ್ತ ಸೀಟ ಉಳದಿರ್ತಾವ. ಕೇಳೂದ್ರಾಗ ಏನ ಹೋಗ್ತದ?"

ಐವತ್ತು ನಿಮಿಷ ಫೋನಿನಲ್ಲಿ ಸಂಗೀತ ಕೇಳಿದ ಮೇಲೆ ಪ್ರವೇಶ ನೋಡಿಕೊಳ್ಳುವ ಹೆಂಗಸು ಸಿಕ್ಕಳು. ದಣಿದ ದನಿ.

"ನಮ್ಮ ಷರತ್ತು ಬಿ ಇತ್ತು. ಏನಾಯಿತು?"

ಏನಾಯಿತು ಎನ್ನುವುದಕ್ಕೆ ಕೃಷ್ಣವೇಣಿಯ ಬಳಿ ಬಹಳಷ್ಟು ಇತ್ತು. ಸೆಕೆ, ಕುರ್ಚಿ, ಬರ್ಲಿನ್, ವಯಸ್ಸು, ಗಂಡ. ಆ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದು ಹೇಳು ಅದು ಹೇಳು ಎಂದು ಬೆರಳು ಮಡಿಸಿ ತೋರಿಸುತ್ತಿದ್ದರು. ಅವಳು ಬಾಗಿಲು ಹಾಕಿದಳು.

"ಸರಿಯಾದ ಉತ್ತರ ಬರೆದು ಮುಗಿಸಿದ್ದೆ," ಎಂದಳು. "ನಿಲ್ಲಿಸುವ ಧೈರ್ಯ ಬರಲಿಲ್ಲ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು. "ಪ್ರಶ್ನೆ ಏನಿತ್ತು?"

ಕೃಷ್ಣವೇಣಿ ಹೇಳಿದಳು. ನಾನೂ ಇತಿಹಾಸದವಳೇ, ಉತ್ತರ ಹೇಳಿ ಎಂದಳು ಆ ಹೆಂಗಸು. ಕೃಷ್ಣವೇಣಿ ನಿಂತೇ ಮೂರು ನಿಮಿಷ ಮಾತಾಡಿದಳು. ಗೆಲ್ಲಲಾಗದೆಂದು ಗೊತ್ತಿದ್ದೂ ಬಲಶಾಲಿಯೊಬ್ಬ ಹೇಗೆ ಹೆಜ್ಜೆ ಹೆಜ್ಜೆಯಾಗಿ ಒಳಗೆ ಹೋಗುತ್ತಾನೆ, ಹಿಂದೆ ಬರುವುದು ಯಾಕೆ ಅವನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ ಎಂದು ಹೇಳಿದಳು. ಹೇಳಿ ನಿಲ್ಲಿಸಿದಳು.

ಉತ್ತರ ಬರಲಿಲ್ಲ. ಐದು ಸೆಕೆಂಡು, ಹತ್ತು. ನಾಲಿಗೆಯ ತುದಿಯಲ್ಲಿ ಚೀನಾ ಬಂದು ನಿಂತಿತ್ತು, ಅದರ ಹಿಂದೆ ಫ್ರಾನ್ಸ್ ತಳ್ಳುತ್ತಿತ್ತು. ಕೃಷ್ಣವೇಣಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಜೀವನದಲ್ಲಿ ಅಷ್ಟು ಹೊತ್ತು ಅವಳು ಎಂದೂ ಸುಮ್ಮನಿದ್ದವಳಲ್ಲ.

"ಅಕ್ಟೋಬರ್ ನಾಲ್ಕು, ಸೋಮವಾರ," ಎಂದಿತು ದಣಿದ ದನಿ. "ಒಂಬತ್ತಕ್ಕೆ. ತಡಮಾಡಬೇಡಿ."

ಫೋನಿಟ್ಟು ಅವಳು ಅಡುಗೆಮನೆಯ ಬಾಗಿಲು ತೆರೆದಳು. ಆನಂದತೀರ್ಥರು ಹುಬ್ಬು ಹಾರಿಸಿ ಕಾಯುತ್ತಿದ್ದರು. ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದರಿಂದ ಎಲ್ಲಿಗೂ ಓಡುವಂತಿರಲಿಲ್ಲ. ಕೃಷ್ಣವೇಣಿ ಕುರ್ಚಿ ಎಳೆದುಕೊಂಡು ಕೂತು, ಸೀಟಿನ ಸುದ್ದಿಯನ್ನು ಒಂದು ಮಾತಿನಲ್ಲಿ ಮುಗಿಸಿ, ಬಾಯಲ್ಲಿ ತಡೆದಿಟ್ಟುಕೊಂಡಿದ್ದ ಹತ್ತು ಕಾರಣಗಳನ್ನೂ 1945ರಿಂದ ಶುರುಮಾಡಿದಳು.